ಲಂಡನ್ನಿನ ‘ಇಂಡಿಯನ್’ ಹೋಟೆಲು ಯಾರದ್ದು?

ಲಂಡನ್ನಿನಲ್ಲಿ ‘ಇಂಡಿಯನ್’ ಅಂತ ಬೋರ್ಡು ಹಾಕಿದ ಹೋಟೆಲುಗಳಲ್ಲಿ ಬಹಳಷ್ಟನ್ನು ಕಟ್ಟಿದ್ದು ಬಾಂಗ್ಲಾದೇಶದ ಸಿಲ್ಹೆಟ್‌ನವರು, ಗೊತ್ತಾ? ಬ್ರಿಟಿಷ್ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಸುರಿಯೋಕೆ ಸೇರಿದ್ದ ಇವರ ಹಿರಿಯರಲ್ಲಿ ಕೆಲವರು ಲಂಡನ್ ಬಂದರಿನಲ್ಲಿ ಇಳಿದು ಅಲ್ಲೇ ಉಳಿದುಬಿಟ್ಟರು. ಆಗ ಸಿಲ್ಹೆಟ್ ಅಸ್ಸಾಮಿನಲ್ಲಿತ್ತು. 1947ರ ಜನಮತಗಣನೆ ಅದನ್ನು ಪೂರ್ವ ಪಾಕಿಸ್ತಾನಕ್ಕೆ ಸೇರಿಸಿತು, 1971ರಲ್ಲಿ ಬಾಂಗ್ಲಾದೇಶವಾಯ್ತು. ಬೋರ್ಡು ಮಾತ್ರ ಬದಲಾಗಲಿಲ್ಲ. ವ್ಯಾಪಾರ ಅಂದ್ರೆ ಹಾಗೇ ಬಿಡಿ!

ಆದರೆ ಬೀದಿಯಲ್ಲಿ ಬದುಕು ಸಲೀಸಾಗಿರಲಿಲ್ಲ. 1978ರ ಮೇ 4ರಂದು ಈಸ್ಟ್ ಲಂಡನ್ನಿನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಬಾಂಗ್ಲಾದೇಶಿ ಬಟ್ಟೆ ಕಾರ್ಮಿಕ ಅಲ್ತಾಬ್ ಅಲಿಯನ್ನು ಜನಾಂಗದ್ವೇಷಕ್ಕೆ ಕೊಂದರು. ಸಾವಿರಾರು ಬಂಗಾಳಿಗಳು ಶವಪೆಟ್ಟಿಗೆ ಹಿಂದೆ ಪ್ರಧಾನಿ ಮನೆವರೆಗೂ ನಡೆದರು. ಅದುವರೆಗೆ ತಲೆ ತಗ್ಗಿಸಿ ದುಡಿಯುತ್ತಿದ್ದವರ ಮಕ್ಕಳು ಸಂಘ ಕಟ್ಟಿದರು, ಚುನಾವಣೆಗೂ ನಿಂತರು. ಅಲ್ಲಿನ ಪಾರ್ಕಿಗೆ ಈಗ ಅಲ್ತಾಬ್ ಅಲಿಯ ಹೆಸರು. ಒಳಗೆ, ಬಂಗಾಳಿ ಭಾಷೆಗಾಗಿ ಪ್ರಾಣ ಕೊಟ್ಟವರ ನೆನಪಿಗೆ ಢಾಕಾದಲ್ಲಿರುವ ಸ್ಮಾರಕದ ಪ್ರತಿರೂಪವನ್ನೂ ಕಟ್ಟಿಕೊಂಡಿದ್ದಾರೆ.