ಸಾರಣೆಗೆ ಮೊದಲು ಅಡುಗೆ ಮಾಡುವವರನ್ನು ಕೇಳಿ

ನಮ್ಮ ಕಡೆಯ ಹೊಸ ಮನೆಗಳಲ್ಲಿ ಈಗ ಅಡುಗೆಮನೆ ಒಂದಲ್ಲ, ಎರಡು. ಒಂದು ಊಟದ ಹಾಲ್‌ಗೆ ತಾಗಿಕೊಂಡು ಉಂಟು. ಅಲ್ಲಿ ಹೊಳೆಯುವ ಕಬರ್ಡು, ಗಾಜಿನ ಸ್ಟವ್, ಮೇಲೊಂದು ಚಿಮಣಿ. ಇನ್ನೊಂದು ಹಿಂಬದಿಯ ವರ್ಕ್ ಏರಿಯಾ. ಅಲ್ಲಿ ಶೀಟಿನ ಮಾಡು, ಸೌದೆ ಒಲೆ, ಒಂದು ನಳ್ಳಿ, ಒಂದು ಬಲ್ಬು. ಹಣ ಹೋಗಿದ್ದು ಮುಂದಿನದಕ್ಕೆ, ಕೆಲಸ ನಡೆಯುವುದು ಹಿಂದಿನದರಲ್ಲಿ. ಮೀನು ಹುರಿಯುವುದು, ಮಸಾಲೆ ಕಡೆಯುವುದು, ಪತ್ತಿರ್ ತಟ್ಟುವುದು, ಕುಚ್ಚಲಕ್ಕಿ ಅನ್ನ ಬೇಯಿಸುವುದು ಎಲ್ಲ ಅಲ್ಲೇ. ಗ್ರೈಂಡರಿಗೆ ಅಲ್ಲಿ ಪ್ಲಗ್ ಇಲ್ಲ. ಒಳಗಿನಿಂದ ಎಕ್ಸ್‌ಟೆನ್ಶನ್ ವಯರ್ ಎಳೆದು, ಒದ್ದೆ ನೆಲದ ಮೇಲೆ ಬಾಕ್ಸ್ ಇಟ್ಟು ಕೆಲಸ ಮಾಡ್ತಾರೆ.

ಇದು ಯಾಕೆ ಹೀಗೆ ಆಗ್ತದೆ? ಪ್ಲಾನ್ ಮಾಡುವವರು ಗಂಡಸರು. ಹಲವು ಮನೆಗಳಲ್ಲಿ ಯಜಮಾನರು ಗಲ್ಫ್‌ನಲ್ಲಿ, ಇಲ್ಲಿ ಓಡಾಡುವವರು ಅಣ್ಣನೋ ಭಾವನೋ. ಮಾತುಕತೆ ಮೇಸ್ತ್ರಿ, ಎಂಜಿನಿಯರ್, ವಯರಿಂಗ್‌ನವರ ಜೊತೆ ಮುಗಿದುಹೋಗ್ತದೆ. ದಿನಕ್ಕೆ ಐದಾರು ಗಂಟೆ ಅಲ್ಲಿ ನಿಲ್ಲಬೇಕಾದ ಉಮ್ಮನನ್ನೋ ಹೆಂಡತಿಯನ್ನೋ ಕೇಳುವುದು ಟೈಲ್ಸ್‌ನ ಬಣ್ಣ ಯಾವುದಾಗಬೇಕು ಅಂತ ಮಾತ್ರ. ಸಾಮಾನು ಬಂದ ಮೇಲೆ ಜಾಗ ಹುಡುಕುವುದು, ಪ್ಲಗ್ ಹುಡುಕುವುದು. ಕ್ರಮ ಇದಕ್ಕೆ ತದ್ವಿರುದ್ಧ ಇರಬೇಕು: ಮೊದಲು ಕೆಲಸ, ಆಮೇಲೆ ಜಾಗ, ಆಮೇಲೆ ವಯರ್, ಕೊನೆಗೆ ಸಾಮಾನು.

ಇಫ್ತಾರ್‌ಗೆ ಮುಂಚಿನ ಒಂದು ಗಂಟೆ

ನಮ್ಮ ಅಡುಗೆಮನೆಯ ನಿಜವಾದ ಪರೀಕ್ಷೆ ರಂಝಾನಿನಲ್ಲಿ, ಇಫ್ತಾರ್‌ಗೆ ಮುಂಚಿನ ಒಂದು ಗಂಟೆಯಲ್ಲಿ. ಮಿಕ್ಸಿಯಲ್ಲಿ ಜ್ಯೂಸ್, ಓವನ್ನಿನಲ್ಲಿ ತಿಂಡಿ, ಕೆಟಲ್‌ನಲ್ಲಿ ನೀರು, ಫ್ರಿಜ್ ಬಾಗಿಲು ತೆರೆದು ಮುಚ್ಚಿ, ಜೊತೆಗೆ ಟ್ಯಾಂಕ್ ಖಾಲಿಯಾಗಿ ಪಂಪ್ ಕೂಡ ಚಾಲೂ. ಒಮ್ಮೆ ಲೆಕ್ಕ ಹಾಕಿ ನೋಡಿ. ಓವನ್ 1,500 ವ್ಯಾಟ್, ಕೆಟಲ್ 1,500, ಮಿಕ್ಸಿ 750, ಒಂದು ಎಚ್‌ಪಿ ಪಂಪ್ ಸುಮಾರು 750, ಫ್ರಿಜ್ 200. ಒಟ್ಟು 4,700 ವ್ಯಾಟ್. ಮೆಸ್ಕಾಂನಿಂದ 3 ಕಿಲೋವ್ಯಾಟ್‌ಗೆ ಮಂಜೂರಾದ ಮನೆಗೆ ಇದು ಹೆಚ್ಚೇ. ಹೊಸ ಸಂಪರ್ಕಕ್ಕೆ ಅರ್ಜಿ ಹಾಕುವಾಗಲೇ ಇದನ್ನೆಲ್ಲ ಸೇರಿಸಿ ಹೇಳಿದರೆ ಒಳ್ಳೆಯದು.

ಪ್ಲಗ್ ವಿಷಯವೂ ಹಾಗೆಯೇ. ಸಣ್ಣ ಪ್ಲಗ್ 6 ಆಂಪಿಯರಿನದ್ದು, 230 ವೋಲ್ಟ್‌ನಲ್ಲಿ ಅದು ತಾಳುವುದು ಸುಮಾರು 1,380 ವ್ಯಾಟ್. ಓವನ್, ಕೆಟಲ್, ಇಂಡಕ್ಷನ್ ಒಲೆ ಇವಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು, ಅದಕ್ಕೆ ತಕ್ಕ ದಪ್ಪದ ವಯರೂ ಬೇಕು. ಮುಂದಿನ ಅಡುಗೆಮನೆಯಲ್ಲಿ ಅಂಥದ್ದು ಮೂರು, ವರ್ಕ್ ಏರಿಯಾದಲ್ಲಿ ಒಂದೆರಡು ಇರಲಿ. ಯಾವುದೂ ಒಲೆಯ ನೇರ ಮೇಲೆ ಅಥವಾ ಸಿಂಕಿನ ಪಕ್ಕ ಬೇಡ.

ಕೆಂಪು ಕಲ್ಲಿನ ಗೋಡೆ ಕೊರೆದು ಪೈಪ್ ಹಾಕುವುದು ಸಾರಣೆಗೆ ಮೊದಲು ಸುಲಭ. ಟೈಲ್ಸ್ ಅಂಟಿಸಿದ ಮೇಲೆ ಒಂದು ಪ್ಲಗ್ ಹೆಚ್ಚು ಬೇಕೆಂದರೂ ಒಡೆಯಬೇಕು, ಅದೇ ಡಿಸೈನಿನ ಟೈಲ್ಸ್ ಮತ್ತೆ ಸಿಗುವ ಗ್ಯಾರಂಟಿ ಇಲ್ಲ.

ಇನ್ನೊಂದನ್ನು ಬಿಡಲೇಬೇಡಿ. ಮೈನ್ ಬೋರ್ಡಿನಲ್ಲಿ ಎಂಸಿಬಿ ಇದ್ದರೆ ಸಾಕು ಅಂತ ಹಲವರು ತಿಳಿದಿದ್ದಾರೆ. ಎಂಸಿಬಿ ಕಾಪಾಡುವುದು ವಯರನ್ನು. ಮನುಷ್ಯನನ್ನು ಕಾಪಾಡುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟಿ ಶಾಕ್ ಹೊಡೆದರೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟ್ ಕಡಿಯುತ್ತದೆ. ಅದರ ಜೊತೆ ಸರಿಯಾದ ಅರ್ಥಿಂಗ್ ಬೇಕು. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಿಡಿಲು ನಮಗೆ ಹೊಸತಲ್ಲ, ಆಗ ಫ್ರಿಜ್, ಓವನ್ ಪ್ಲಗ್ ಕಳಚಿಡುವ ಅಭ್ಯಾಸ ಒಳ್ಳೆಯದು. ಕಳಚಲು ಕೈ ತಲುಪುವ ಕಡೆ ಪ್ಲಗ್ ಇರಬೇಕು, ಫ್ರಿಜ್ಜಿನ ಬೆನ್ನ ಹಿಂದೆ ಅಲ್ಲ.

ಯಾವುದು ಎಲ್ಲಿ?

ಸಿಂಕ್, ಒಲೆ, ಫ್ರಿಜ್ ಈ ಮೂರರ ನಡುವೆಯೇ ಅಡುಗೆಯವರ ನಡಿಗೆ. ಒಂದರಿಂದ ಇನ್ನೊಂದಕ್ಕೆ ಎರಡು-ಮೂರು ಹೆಜ್ಜೆ ಸಾಕು. ಫ್ರಿಜ್ ಊಟದ ಹಾಲಿನಲ್ಲಿ, ಒಲೆ ಹಿಂದಿನ ವರ್ಕ್ ಏರಿಯಾದಲ್ಲಿ ಇದ್ದರೆ ದಿನಕ್ಕೆ ಎಷ್ಟು ನಡೆಯಬೇಕು ಅಂತ ನೀವೇ ಯೋಚಿಸಿ.

ಫ್ರಿಜ್ಜನ್ನು ಒಲೆಗೆ ತಾಗಿಸಿಯೋ ಬಿಸಿಲು ಬೀಳುವ ಕಿಟಕಿಯ ಎದುರೋ ಇಡಬಾರದು. ಗೋಡೆಗೆ ಒತ್ತಿ ಇಟ್ಟರೂ ಅದರ ಬಿಸಿ ಹೊರಗೆ ಹೋಗುವುದಿಲ್ಲ, ಕರೆಂಟ್ ಹೆಚ್ಚು ತಿನ್ನುತ್ತದೆ. ಎಷ್ಟು ಜಾಗ ಬಿಡಬೇಕು ಅಂತ ಜೊತೆಗೆ ಬಂದ ಪುಸ್ತಕದಲ್ಲೇ ಇರುತ್ತದೆ. ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಅಂತಲೂ ನೋಡಿ. ಬಕ್ರೀದಿನ ಮಾಂಸಕ್ಕೆ ಅಂತ ಭಾರಿ ದೊಡ್ಡ ಫ್ರಿಜ್ ತೆಗೆದುಕೊಳ್ಳುವವರಿದ್ದಾರೆ. ಕೆಲವು ದಿನಗಳ ಅಗತ್ಯಕ್ಕಾಗಿ ವರ್ಷವಿಡೀ ಬಿಲ್ ಕಟ್ಟಬೇಕಾ? ಸ್ಟಾರ್ ಲೇಬಲ್‌ನಲ್ಲಿ ನಕ್ಷತ್ರ ಮಾತ್ರ ಎಣಿಸಬೇಡಿ, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಅದನ್ನು ಓದಿ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು.

ಗ್ರೈಂಡರನ್ನು ಎತ್ತಿ ಎತ್ತಿ ಇಡುವುದು ಸೊಂಟಕ್ಕೆ ಪೆಟ್ಟು. ಎರಡು ಲೀಟರಿನದ್ದೂ ಹತ್ತು ಕಿಲೋಗೆ ಮಿಕ್ಕಿ ತೂಗುತ್ತದೆ. ಅದಕ್ಕೆ ಮೊಣಕಾಲಿನ ಎತ್ತರದಲ್ಲಿ ಒಂದು ಸಣ್ಣ ಕಟ್ಟೆ, ಪಕ್ಕದಲ್ಲಿ ಪ್ಲಗ್, ತೊಳೆದ ನೀರು ಹರಿಯಲು ದಾರಿ ಬೇಕು. ಅಡುಗೆ ಕಟ್ಟೆಯ ಎತ್ತರ ಮೇಸ್ತ್ರಿ ಹೇಳಿದ ಹಾಗಲ್ಲ, ಅಡುಗೆ ಮಾಡುವವರ ಮೊಣಕೈಗಿಂತ ಮೂರು-ನಾಲ್ಕು ಇಂಚು ಕೆಳಗೆ ಇರಲಿ. ಎತ್ತರದ ಕಟ್ಟೆಯಲ್ಲಿ ಪತ್ತಿರ್ ಒತ್ತಿದರೆ ಭುಜ ನೋವು, ತಗ್ಗಿದ್ದರೆ ಬೆನ್ನು ನೋವು.

ಚಿಮಣಿ ಹಾಕುವುದಾದರೆ ಹೊಗೆ ಹೊರಗೆ ಹೋಗುವ ಪೈಪಿನದ್ದೇ ಆಗಲಿ. ಪೈಪ್ ಇಲ್ಲದ್ದು ಎಣ್ಣೆ, ವಾಸನೆಯನ್ನು ಸೋಸಿ ಗಾಳಿಯನ್ನು ಒಳಗೇ ಬಿಡುತ್ತದೆ, ಬಿಸಿ ಅಲ್ಲೇ ಉಳಿಯುತ್ತದೆ. ಗೋಡೆಯಲ್ಲಿ 6 ಇಂಚಿನ ತೂತು ಮೊದಲೇ ಬಿಡಿಸಿ. ಪೈಪ್ ತಿರುವುಗಳು ಹೆಚ್ಚಾದಷ್ಟೂ ಎಳೆತ ಕಡಿಮೆ. ಮೀನು ಹುರಿಯುವುದು ಹಿಂದೆಯೇ ಆದರೆ ಮುಂದಿನ ಚಿಮಣಿಗೆ ಸುರಿಯುವ ಹಣದ ಸಣ್ಣ ಪಾಲಿನಲ್ಲಿ ಹಿಂದೆ ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಹಾಕಬಹುದು.

ಗ್ಯಾಸ್ ಮತ್ತು ಸೌದೆ ಒಲೆ

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ಇಲ್ಲಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹರಡಿ ನಿಲ್ಲುತ್ತದೆ. ವರ್ಕ್ ಏರಿಯಾದಲ್ಲಿ ಸೌದೆ ಒಲೆಯೂ ಸಿಲಿಂಡರೂ ಒಟ್ಟಿಗೆ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವೆರಡು ಒಂದೇ ಕೋಣೆಯಲ್ಲಿ ಇರಬಾರದು. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಸ್ಟವ್ ಅದಕ್ಕಿಂತ ಎತ್ತರದಲ್ಲಿರಲಿ. ಕಬರ್ಡಿನೊಳಗೆ ಇಡುವುದಾದರೆ ನೆಲಮಟ್ಟದಲ್ಲಿ ಗಾಳಿಗೆ ಕಿಂಡಿ ಇರಲಿ. ಪಕ್ಕದಲ್ಲೇ ಫ್ರಿಜ್, ಪ್ಲಗ್ ಬೇಡ. ರಬ್ಬರ್ ಟ್ಯೂಬ್ ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೊಮ್ಮೆ ಬದಲಿಸಿ. ಸಿಲಿಂಡರ್ ಹೊರಗಿಟ್ಟು ಪೈಪ್ ಎಳೆಯುವ ಆಸೆ ಇದ್ದರೆ ಗ್ಯಾಸ್ ಏಜೆನ್ಸಿಯವರನ್ನು ಕೇಳಿಯೇ ಮಾಡಿಸಿ.

ಗಲ್ಫ್‌ನಿಂದ ಬಂದ ಸಾಮಾನು

ಕಾರ್ಗೋದಲ್ಲಿ ಬಂದ ಓವನ್, ಮಿಕ್ಸಿ ನಮ್ಮ ಮನೆಗಳಲ್ಲಿ ಮಾಮೂಲು. ದುಬೈ, ಮಸ್ಕತ್, ದೋಹಾದ ಕರೆಂಟ್ ಇಲ್ಲಿಯ ಹಾಗೆಯೇ 50 ಹರ್ಟ್ಸ್. ಸೌದಿಯಲ್ಲಿ 60 ಹರ್ಟ್ಸ್. ಹಿಂಬದಿಯ ತಗಡಿನಲ್ಲಿ ‘50/60’ ಅಂತ ಇದ್ದರೆ ತೊಂದರೆ ಇಲ್ಲ. ‘60’ ಮಾತ್ರ ಇದ್ದರೆ ಮೈಕ್ರೋವೇವ್, ಮೋಟಾರಿನ ಸಾಮಾನು ಇಲ್ಲಿ ಹೆಚ್ಚು ಬಿಸಿಯಾಗಿ ಕೆಡಬಹುದು. ಅಲ್ಲಿಯ ಚಪ್ಪಟೆ ಮೂರು ಪಿನ್ನಿಗೆ ಇಲ್ಲಿ ಅಡಾಪ್ಟರ್ ಸಿಕ್ಕಿಸಿ ಓವನ್ ನಡೆಸಬೇಡಿ, ಪ್ಲಗ್ಗನ್ನೇ ಬದಲಿಸಿ. ಪಾರ್ಟ್ಸ್, ವಾರಂಟಿ ಇಲ್ಲಿ ಸಿಗ್ತದಾ ಅಂತ ಅಲ್ಲೇ ವಿಚಾರಿಸಿದರೆ ಚೆನ್ನ.

ಪಾಯಿಂಟ್ ಈಗ, ಸಾಮಾನು ಆಮೇಲೆ

ಮನೆ ಮುಗಿಯುವ ಹೊತ್ತಿಗೆ ಹೆಚ್ಚಿನವರ ಕೈ ಖಾಲಿ. ಆದರೂ ಒಕ್ಕಲಿನ ದಿನ ನೆಂಟರು ನೋಡ್ತಾರಲ್ಲ ಅಂತ ಎಲ್ಲವನ್ನೂ ಕಂತಿನಲ್ಲಿ ತರುವುದುಂಟು. ಅಗತ್ಯ ಇಲ್ಲ. ಡಿಶ್‌ವಾಷರ್, ಓವನ್ ನಾಲ್ಕು ವರ್ಷ ಬಿಟ್ಟು ಬರಲಿ, ಅದರ ಜಾಗ, ಪ್ಲಗ್, ನೀರಿನ ಪೈಪ್ ಮಾತ್ರ ಈಗಲೇ ಆಗಲಿ. ಉಡುಗೊರೆ ಕೊಡುವ ಹತ್ತಿರದವರು ಕೇಳಿದರೆ ಸಂಕೋಚ ಬಿಟ್ಟು ಇಂಥದ್ದು ಬೇಕು ಅಂತ ಹೇಳಿ. ಒಂದೇ ಮನೆಗೆ ಮೂರು ಮಿಕ್ಸಿ ಬಂದು ಅಟ್ಟ ಸೇರುವುದಕ್ಕಿಂತ ಅದು ಮೇಲು.

ಗೋಡೆ ಎದ್ದು ಸಾರಣೆಗೆ ಮೊದಲಿನ ಒಂದು ದಿನ ಮನೆಯ ಹೆಂಗಸರನ್ನು ಸೈಟಿಗೆ ಕರೆದುಕೊಂಡು ಹೋಗಿ. ಕೈಗೆ ಒಂದು ಚಾಕ್ ಕೊಡಿ. ಬೆಳಿಗ್ಗೆ ಏಳುವುದರಿಂದ ರಾತ್ರಿ ಪಾತ್ರೆ ತೊಳೆಯುವವರೆಗೆ ಎಲ್ಲಿ ನಿಲ್ತೀರಿ, ಏನನ್ನು ಎಲ್ಲಿಂದ ತೆಗೀತೀರಿ ಅಂತ ಕೇಳಿ, ಅವರೇ ಗೋಡೆಯಲ್ಲಿ ಗುರುತು ಹಾಕಲಿ. ಯಜಮಾನರು ಗಲ್ಫ್‌ನಲ್ಲಿದ್ದರೆ ವಿಡಿಯೋ ಕಾಲ್‌ನಲ್ಲಿ ನೋಡಲಿ. ಗುರುತಿನ ಫೋಟೋ ತೆಗೆದು ವಯರಿಂಗ್‌ನವರಿಗೆ ಕೊಡಿ. ಅರ್ಧ ದಿನದ ಈ ಕೆಲಸಕ್ಕೆ ಒಂದು ರೂಪಾಯಿಯ ಚಾಕ್ ಸಾಕು.