ಮುಖಪರಿಚಯವೆಂಬ ವಿದ್ಯೆ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುವ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯಲ್ಲಿ ಅರೇಬಿಕಾ ಕಾಫಿ ಹಣ್ಣಾಗಿ ಕೊಯ್ಲು ಮೊದಲಾಗುವುದು. ಬೆಳಗಿನ ಮಂಜು ಕರಗುವ ಮುನ್ನವೇ ಲೈನುಮನೆಗಳಿಂದ ಹೊರಡುವ ಹೆಂಗಸರು ತಲೆಗೆ ವಸ್ತ್ರ ಸುತ್ತಿ, ಸೊಂಟಕ್ಕೆ ಚೀಲ ಕಟ್ಟಿ, ಕೈಗೂಸುಗಳನ್ನು ಮುದುಕಿಯೊಬ್ಬಳ ವಶಕ್ಕೊಪ್ಪಿಸಿ ತೋಟಕ್ಕಿಳಿಯುವರು. ಸಂಜೆ ಹಣ್ಣು ತೂಗಿಸಿಕೊಟ್ಟು ಅವರು ಹಿಂದಿರುಗಿದಾಗ, ಒಂದೇ ಬಗೆಯಾಗಿ ವಸ್ತ್ರ ಸುತ್ತಿದ ಹತ್ತಾರು ಮಂದಿಯ ನಡುವೆ, ಆರು ತಿಂಗಳ ಕೂಸು ತನ್ನ ತಾಯಿಯನ್ನೇ ಗುರುತಿಸಿ ಕೈಚಾಚುವುದು. ನಿತ್ಯವೂ ಇದನ್ನು ಕಾಣುವ ನಮಗೆ ಇದರಲ್ಲಿ ಸೋಜಿಗವೇನೂ ತೋರದು. ಆದರೆ ಅದೇ ತೋಟದ ರೈಟರು, ಓದುಬರಹ ಬಲ್ಲವರು, ಮೂರು ತಿಂಗಳು ಹಾಜರಿ ಕೂಗಿದ ಮೇಲೂ, ಅಸ್ಸಾಮಿನ ಕಡೆಯಿಂದ ಬಂದ ಆಳುಗಳೆಲ್ಲರ ಮುಖವೂ ತಮಗೆ ಒಂದೇ ತೆರನಾಗಿ ಕಾಣುವುದೆಂದು ಸಂಕೋಚವಿಲ್ಲದೆ ಹೇಳುವರು. ಕೂಸಿಗೆ ಸಾಧ್ಯವಾದದ್ದು ರೈಟರಿಗೇಕೆ ಸಾಧ್ಯವಾಗದು? ಕಳೆದ ಐವತ್ತು ವರ್ಷಗಳಲ್ಲಿ ಶಾಸ್ತ್ರಜ್ಞರು ಇದಕ್ಕೆ ಕಂಡುಕೊಂಡಿರುವ ಉತ್ತರವು ಮಲೆನಾಡಿನವರು ಅವಶ್ಯವಾಗಿ ತಿಳಿಯತಕ್ಕದ್ದಾಗಿದೆ.

ಹುಟ್ಟಿದ ಕೂಸಿಗೆ ಕಣ್ಣು ಕಾಣದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಅರ್ಧ ನಿಜ. ಸುಮಾರು ಒಂದು ಗೇಣಿನಿಂದ ಒಂದೂವರೆ ಗೇಣಿನಷ್ಟು ದೂರದವರೆಗೆ ಅದಕ್ಕೆ ತಕ್ಕಮಟ್ಟಿಗೆ ಕಾಣುವುದು. ಅದರಾಚೆಗೆ ಎಲ್ಲವೂ ಚಾರ್ಮಾಡಿಯ ಮಂಜಿನಂತೆ. ಮೊಲೆಯುಣ್ಣುವ ಕೂಸಿಗೂ ತಾಯಿಯ ಮುಖಕ್ಕೂ ಇರುವ ಅಂತರವು ಸರಿಯಾಗಿ ಅಷ್ಟೇ ಎಂಬುದನ್ನು ವಾಚಕರು ಗಮನಿಸಬೇಕು. ಹುಟ್ಟಿ ಸರಾಸರಿ ಒಂಬತ್ತು ನಿಮಿಷಗಳಾಗಿದ್ದ ಶಿಶುಗಳ ಮುಂದೆ, 1975ನೆಯ ಇಸವಿಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮುಖದ ಚಿತ್ರವನ್ನೂ ಕಣ್ಣುಮೂಗುಗಳನ್ನು ಕಲಸಿಬರೆದ ಚಿತ್ರವನ್ನೂ ಚಲಿಸಿ ನೋಡಲಾಯಿತು. ಶಿಶುಗಳು ಮುಖದ ಚಿತ್ರವನ್ನೇ ಹೆಚ್ಚು ದೂರ ಹಿಂಬಾಲಿಸಿದವು. ಎಂದಮೇಲೆ ಮುಖವೆಂಬುದರ ಕಡೆಗೆ ತಿರುಗುವ ಒಲವು ಹುಟ್ಟಿನೊಡನೆಯೇ ಬರುವುದು; ಯಾರ ಮುಖವೆಂಬುದನ್ನು ಮಾತ್ರ ಕಲಿಯಬೇಕು.

ಆ ಕಲಿಕೆ ಹೇಗೆ ಮೊದಲಾಗುವುದೆಂಬುದು ನಮ್ಮ ಕಾಫಿ ಕೊಯ್ಯುವ ತಾಯಂದಿರಿಗೆ ಹತ್ತಿರವಾದ ಸಂಗತಿ. ನಾಲ್ಕು ದಿನದ ಕೂಸು ಪರಸ್ತ್ರೀಯ ಮುಖಕ್ಕಿಂತ ತಾಯಿಯ ಮುಖವನ್ನು ಹೆಚ್ಚು ಹೊತ್ತು ನೋಡುವುದೆಂದು ಪಾಸ್ಕಾಲಿಸ್ ಎಂಬ ಶಾಸ್ತ್ರಜ್ಞರೂ ಅವರ ಸಂಗಡಿಗರೂ 1995ರಲ್ಲಿ ತೋರಿಸಿದರು. ಆದರೆ ಇಬ್ಬರು ಹೆಂಗಸರ ತಲೆಗೂ ವಸ್ತ್ರ ಸುತ್ತಿ ಕೂದಲಿನ ಅಂಚನ್ನು ಮರೆಮಾಡಿದೊಡನೆ ಆ ಭೇದವು ಅಳಿದುಹೋಯಿತು! ಎಳಗೂಸು ಮೊದಲು ಅರಿಯುವುದು ತಾಯಿಯ ಕಣ್ಣು ಮೂಗುಗಳನ್ನಲ್ಲ, ಹಣೆಯೂ ಕೂದಲೂ ಸೇರುವ ಗೆರೆಯನ್ನು. ತಿಂಗಳು ಕಳೆದ ಬಳಿಕವೇ ಅದರ ನೋಟವು ಮುಖದೊಳಕ್ಕೆ ಇಳಿಯುವುದು. ಇದಕ್ಕೆ ಧ್ವನಿಯ ಸಹಾಯವೂ ಬೇಕು. ಹುಟ್ಟಿದ ಮೇಲೆ ತಾಯಿಯ ಮಾತು ಕೇಳದ ಕೂಸು ಅವಳ ಮುಖವನ್ನು ಬೇರೆಯಾಗಿ ಅರಿಯಲಿಲ್ಲವೆಂದು 2005ರ ಪ್ರಯೋಗವೊಂದು ಹೇಳುತ್ತದೆ. ಬಸಿರಿನಲ್ಲೇ ಕೇಳಿದ್ದ ಧ್ವನಿಯು ಮುಖದ ಪರಿಚಯವನ್ನು ಮಾಡಿಸಿಕೊಡುವುದು. ಕೂಸಿನೊಡನೆ ಮಾತಾಡುವುದು ಹುಚ್ಚೆನ್ನುವ ಗಂಡಸರು ಇದನ್ನು ಎರಡು ಸಲ ಓದಲಿ.

ಇನ್ನು ಮುಂದಿನ ಸಂಗತಿಯೇ ಎಲ್ಲಕ್ಕಿಂತ ವಿಚಿತ್ರವಾದುದು. ನಮ್ಮ ಬಾಳೆ, ಕಿತ್ತಳೆಗಳನ್ನು ಸೂರೆಮಾಡುವ ಮಂಗಗಳಲ್ಲಿ ಇದು ನಿನ್ನೆ ಬಂದದ್ದು, ಇದು ಬೇರೆಯದು ಎಂದು ಹೇಳಬಲ್ಲ ತೋಟಗಾರನು ವಿರಳ. ಆರು ತಿಂಗಳ ಕೂಸಾದರೋ ಹೇಳಬಲ್ಲುದು. ಆ ವಯಸ್ಸಿನ ಶಿಶುಗಳು ಒಂದು ಮಂಗದ ಮುಖವನ್ನು ಇನ್ನೊಂದರಿಂದ ಬೇರ್ಪಡಿಸುವುವೆಂದೂ, ಒಂಬತ್ತು ತಿಂಗಳಿಗೆ ಬರುವಷ್ಟರಲ್ಲಿ ಆ ಶಕ್ತಿಯನ್ನು ಕಳೆದುಕೊಂಡು ನಮ್ಮಂತಾಗುವುವೆಂದೂ 2002ರಲ್ಲಿ ತಿಳಿದುಬಂತು. ಬೆಳೆಯುವುದೆಂದರೆ ಕೆಲವನ್ನು ಬಿಡುವುದೂ ಹೌದು. ಮಿದುಳು ತನ್ನ ಸುತ್ತ ನಿತ್ಯ ಕಾಣುವುದಕ್ಕೆ ಹರಿತವಾಗಿ, ಕಾಣದಿರುವುದಕ್ಕೆ ಮೊಂಡಾಗುವುದು. ಮನುಷ್ಯರ ವಿಷಯದಲ್ಲಿಯೂ ಹೀಗೆಯೇ. ಮೂರು ತಿಂಗಳಿನಲ್ಲಿ ಎಲ್ಲ ಜನಾಂಗಗಳ ಮುಖಗಳನ್ನೂ ಬೇರ್ಪಡಿಸುತ್ತಿದ್ದ ಶಿಶುಗಳು ಒಂಬತ್ತು ತಿಂಗಳಿಗೆ ತಮ್ಮವರನ್ನು ಮಾತ್ರ ಬೇರ್ಪಡಿಸಿದವು. ಇದು ಬಿಳಿಯರ ಮಕ್ಕಳಲ್ಲಿ 2007ರಲ್ಲಿಯೂ ಚೀನದ ಮಕ್ಕಳಲ್ಲಿ 2009ರಲ್ಲಿಯೂ ಸಿದ್ಧವಾಯಿತು. ನಮ್ಮ ಬೆಟ್ಟಗಳಲ್ಲಿ ತೋಟ ಹೂಡಿದ್ದ ಆಂಗ್ಲ ದೊರೆಗಳಿಗೆ ಘಟ್ಟದ ಕೆಳಗಿನವನೂ ತಮಿಳನೂ ಕನ್ನಡಿಗನೂ ಬರಿಯ ‘ಕೂಲಿ’ಯಾಗಿ ತೋರಿದ್ದುದಕ್ಕೆ ಅಧಿಕಾರಮದವೊಂದೇ ಕಾರಣವಲ್ಲವೆಂದಾಯಿತು, ಮದವು ಇದ್ದೇ ಇತ್ತು.

ಈ ನಷ್ಟವನ್ನು ತಡೆಯುವ ಉಪಾಯವೂ ಸಿಕ್ಕಿದೆ. ಆರರಿಂದ ಒಂಬತ್ತು ತಿಂಗಳವರೆಗೆ ಕೆಲವು ಶಿಶುಗಳಿಗೆ ಮಂಗಗಳ ಚಿತ್ರಪುಸ್ತಕವನ್ನು ತೋರಿಸುತ್ತ ಬಂದರು. ಒಂದು ಗುಂಪಿಗೆ ಪ್ರತಿಯೊಂದು ಮಂಗದ ಹೆಸರನ್ನೂ ಬೇರೆಬೇರೆಯಾಗಿ ಹೇಳಿದರು; ಇನ್ನೊಂದಕ್ಕೆ ಎಲ್ಲವನ್ನೂ ‘ಮಂಗ’ ಎಂದೇ ಹೇಳಿದರು; ಮತ್ತೊಂದಕ್ಕೆ ಏನೂ ಹೇಳದೆ ತೋರಿಸಿದರು. ನೋಡಿದ ಚಿತ್ರಗಳು ಅವೇ ಆದರೂ, ಒಂದೊಂದರ ಹೆಸರು ಕೇಳಿದ ಶಿಶುಗಳು ಮಾತ್ರ ಭೇದವನ್ನು ಉಳಿಸಿಕೊಂಡವು. 2009ರ ಈ ಫಲಿತಾಂಶವನ್ನು ವಾಚಕರು ನೆನಪಿನಲ್ಲಿಡಬೇಕು.

ನೋಟವೇ ಇಲ್ಲದೆ ಬೆಳೆದವರ ಗತಿಯೇನು? ಹುಟ್ಟುಕುರುಡನು ಮುಟ್ಟಿ ಬಲ್ಲ ಗೋಳವನ್ನೂ ಘನವನ್ನೂ ಕಣ್ಣು ಬಂದೊಡನೆ ನೋಡಿಯೇ ಹೇಳಬಲ್ಲನೇ ಎಂದು ಐರ್ಲೆಂಡಿನ ಮೊಲಿನೋ 1688ರಲ್ಲಿ ತತ್ತ್ವಜ್ಞಾನಿ ಲಾಕನನ್ನು ಕೇಳಿದ್ದನು. ಮುನ್ನೂರು ವರ್ಷ ಉಳಿದ ಈ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ದೇಶದಲ್ಲಿ. ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಎಂಬ ಕಾರ್ಯವು ಉತ್ತರ ಹಿಂದೂಸ್ಥಾನದ ಹಳ್ಳಿಗಳ ಅಂಧಬಾಲಕರಿಗೆ ಶಸ್ತ್ರಚಿಕಿತ್ಸೆ ಮಾಡಿಸಿತು. 2011ರ ವರದಿಯಂತೆ ಎಂಟರಿಂದ ಹದಿನೇಳು ವರ್ಷದೊಳಗಿನ ಐವರು ಮಕ್ಕಳು, ಕಣ್ಣು ಬಂದ ಮೊದಲ ದಿನಗಳಲ್ಲಿ, ಮುಟ್ಟಿದ ವಸ್ತುವನ್ನು ನೋಡಿ ಗುರುತಿಸಲಾರದೆ ಹೋದರು. ಆದರೆ ಕೆಲವೇ ದಿನಗಳಲ್ಲಿ ಕಲಿತರು. ಇಂಥವರಿಗೆ ಒಂದರ ಮೇಲೊಂದು ಬಿದ್ದ ವಸ್ತುಗಳು ಮೊದಮೊದಲು ಬಣ್ಣದ ತುಂಡುಗಳಾಗಿ ಕಾಣುವುವು. ವಸ್ತು ಅಲುಗಿದರೆ ಮಾತ್ರ ಅದರ ಆಕಾರ ಬಿಡಿಸಿ ತೋರುವುದು.

ಈ ಮಾತು ಧೈರ್ಯ ಕೊಡುವಂಥದು. ಆದರೆ ಕಾಯಬಹುದೆಂದು ಯಾರೂ ತಿಳಿಯಬಾರದು. ಹುಟ್ಟಿನಿಂದ ಎರಡೂ ಕಣ್ಣುಗಳಲ್ಲಿ ಪೊರೆಯಿದ್ದು, ಎರಡರಿಂದ ಆರು ತಿಂಗಳೊಳಗಾಗಿಯೇ ಚಿಕಿತ್ಸೆ ಪಡೆದವರನ್ನು ಕೆನಡಾ ದೇಶದಲ್ಲಿ ಪರೀಕ್ಷಿಸಿದಾಗ, ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಂಡಿದ್ದ ಅವರಿಗೆ, ಒಂದು ಮುಖದಲ್ಲಿ ಕಣ್ಣು ಬಾಯಿಗಳ ನಡುವಣ ಅಂತರಕ್ಕೂ ಇನ್ನೊಂದರಲ್ಲಿಯ ಅಂತರಕ್ಕೂ ಇರುವ ಭೇದವು ಸರಿಯಾಗಿ ತಿಳಿಯಲಿಲ್ಲ. ಕಳೆದುಹೋದ ಕೆಲವು ತಿಂಗಳುಗಳು ಹಿಂದಿರುಗಲಿಲ್ಲ. ಮುದುಕರ ಪೊರೆ ಬಲಿಯಲಿ ಎಂದು ಕಾಯುವ ಹಳೆಯ ವಾಡಿಕೆಯನ್ನು ಕೂಸಿಗೆ ಹಚ್ಚಿದರೆ ಘಾತವೇ ಸರಿ. ಕೂಸಿನ ಕಣ್ಣಪಾಪೆ ಬೆಳ್ಳಗೆ ತೋರಿದರೆ, ಮೂರು ತಿಂಗಳಾದರೂ ಅದು ಮುಖಕ್ಕೆ ಮುಖ ಕೊಟ್ಟು ನೋಡದಿದ್ದರೆ, ಕೊಯ್ಲು ಮುಗಿಯಲೆಂದು ಕಾಯದೆ ವೈದ್ಯರಿಗೆ ತೋರಿಸತಕ್ಕದ್ದು. ಕಳಸದ ಆಚೆಯ ಲೈನುಮನೆಯಿಂದ ಒಂದು ದಿನದ ಕೂಲಿ ಬಿಟ್ಟು ಹೊರಡುವುದು ಸುಲಭವಲ್ಲ. ತೋಟದ ಜೀಪು ಆ ದಿನ ಕಾಫಿಯ ಬದಲು ಕೂಸನ್ನು ಒಯ್ಯಬಹುದು.

ದೊಡ್ಡವರ ಕಣ್ಣು ಕಲಿಯುವುದೇ ಇಲ್ಲವೆನ್ನುವುದಕ್ಕೆ ನಮ್ಮ ಸೀಮೆಯಲ್ಲಿಯೇ ಬೇಕಾದಷ್ಟು ವಿರೋಧ ಸಾಕ್ಷ್ಯವಿದೆ. ನುರಿತ ಕೊಯ್ಲಿನವಳ ಬೆರಳುಗಳು ಒಂದೇ ಗೊಂಚಲಿನಲ್ಲಿ ಹಣ್ಣನ್ನು ಬಿಡಿಸಿ ದೋರೆಗಾಯಿಯನ್ನು ಉಳಿಸುವುವು. ಹೊಸಬನು ಎರಡನ್ನೂ ಕಿತ್ತು ಬೈಗುಳ ತಿನ್ನುವನು. ದನ ಕಾಯುವವನಿಗೆ ಮಲೆನಾಡು ಗಿಡ್ಡದ ಹಿಂಡಿನಲ್ಲಿ ಎರಡು ಹಸುಗಳು ಒಂದೇ ಎನಿಸುವುದಿಲ್ಲ. ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಪುಸ್ತಕ ಬರೆದು, ‘ಯಾವುದೋ ಹಕ್ಕಿ’ ಎನ್ನುತ್ತಿದ್ದ ಎಷ್ಟೋ ಕನ್ನಡಿಗರಿಗೆ ಹೆಸರಿನ ಮೂಲಕ ಕಣ್ಣು ಕೊಟ್ಟರು. ಮಿದುಳಿನ ಬೇನೆಯಿಂದ ಮನುಷ್ಯರ ಮುಖಗಳನ್ನು ಗುರುತಿಸಲಾರದಂತಾದ ಇಂಗ್ಲೆಂಡಿನ ಒಬ್ಬಾತನು ಅನಂತರ ಕುರಿ ಸಾಕಲು ತೊಡಗಿ, ಒಂದೊಂದು ಕುರಿಯ ಮುಖವನ್ನೂ ಬೇರೆಯಾಗಿ ಅರಿತನೆಂದು 1993ರಲ್ಲಿ ದಾಖಲೆಯಾಗಿದೆ. ಮೂರರಿಂದ ಒಂಬತ್ತನೆಯ ವಯಸ್ಸಿನಲ್ಲಿ ಫ್ರಾನ್ಸಿಗೆ ದತ್ತು ಹೋದ ಕೊರಿಯಾದ ಮಕ್ಕಳು, ಬೆಳೆದ ಮೇಲೆ, ಫ್ರೆಂಚರ ಮುಖಗಳನ್ನೇ ಹೆಚ್ಚು ಚೆನ್ನಾಗಿ ಗುರುತಿಸಿದರು.

ಈಗ ರೈಟರ ಮಾತಿಗೆ ಬರೋಣ. ಚಹರೆಪಟ್ಟಿ, ಭಾವಚಿತ್ರವಿರುವ ಚೀಟಿ ಇವೆಯಲ್ಲ ಎಂದು ಅವರು ಹೇಳುವರು. ಇಬ್ಬರೇ ಸ್ತ್ರೀಯರ ನಲವತ್ತು ಭಾವಚಿತ್ರಗಳನ್ನು ಬ್ರಿಟನ್ನಿನಲ್ಲಿ ಕೆಲವರ ಕೈಗೆ ಕೊಟ್ಟು, ಒಬ್ಬೊಬ್ಬರದನ್ನು ಬೇರೆ ಮಾಡಿರೆಂದಾಗ, ಪರಿಚಯವಿಲ್ಲದವರು ಏಳೆಂಟು ಗುಂಪು ಮಾಡಿದರು; ಬಲ್ಲವರು ಬಹುಮಟ್ಟಿಗೆ ಎರಡೇ ಮಾಡಿದರು. ಈ 2011ರ ಪ್ರಯೋಗವನ್ನು ನೋಡಿದರೆ, ಪರಿಚಯವಿಲ್ಲದವನಿಗೆ ಭಾವಚಿತ್ರದಿಂದ ಆಗುವ ಉಪಕಾರ ಅಲ್ಪವೆಂದು ತಿಳಿಯುವುದು.

ಕಳೆದ ಕೊಯ್ಲಿನಲ್ಲಿ ಮೂಡಿಗೆರೆಯ ಕಡೆಯ ತೋಟವೊಂದರಲ್ಲಿ ಬಟವಾಡೆಯ ದಿನ ನಾವಿದ್ದೆವು. ಒಬ್ಬ ಹೆಂಗಸಿನ ವಾರದ ತೂಕವೆಲ್ಲ ಇನ್ನೊಬ್ಬಳ ಹೆಸರಿಗೆ ಏರಿಹೋಗಿತ್ತು. ಇಬ್ಬರೂ ಅಸ್ಸಾಮಿನವರು, ಇಬ್ಬರನ್ನೂ ಕರೆಯುತ್ತಿದ್ದುದು ‘ಅಸ್ಸಾಮಿ’ ಎಂದೇ. ಆಕೆಗೆ ಕನ್ನಡ ಬಾರದು. ಚೀಟಿಯನ್ನು ಹಿಡಿದು ಅಳುತ್ತಿದ್ದಳು. ರೈಟರು ಚಿತ್ರವನ್ನೂ ಮುಖವನ್ನೂ ನೋಡಿ ನೋಡಿ ಸೋತರು. ಆಗ ಕೂಸುಗಳನ್ನು ನೋಡಿಕೊಳ್ಳುವ ಮುದುಕಿಯನ್ನು ಕರೆಸಿದರು. ಆಕೆಗೆ ಅಕ್ಷರ ತಿಳಿಯದು, ಅಸ್ಸಾಮೀ ಭಾಷೆಯೂ ತಿಳಿಯದು. ಆದರೆ ಆ ಇಬ್ಬರನ್ನೂ, ಅವರ ಹಿಂದೆ ನಿಂತಿದ್ದ ಹನ್ನೊಂದು ಮಂದಿಯನ್ನೂ, ಒಬ್ಬೊಬ್ಬರ ಹೆಸರು ಹಿಡಿದು ತಡವರಿಸದೆ ತೋರಿಸಿದಳು. ಪ್ರತಿ ಸಂಜೆ ಯಾವ ಕೂಸನ್ನು ಯಾರ ಕೈಗೆ ಕೊಡಬೇಕೆಂಬುದು ಆಕೆಗೆ ತಪ್ಪುವಂತಿರಲಿಲ್ಲ.