ಸೊಳ್ಳೆಗಳೂ ಅವು ಹರಡುವ ರೋಗಗಳೂ

ಸೊಳ್ಳೆ ಎಂಬ ಒಂದೇ ಹೆಸರಿನಿಂದ ನಾವು ಕರೆಯುವ ಕೀಟದಲ್ಲಿ ಹಲವು ಜಾತಿಗಳುಂಟು. ಅವು ಹುಟ್ಟುವ ನೀರು ಬೇರೆ, ಕಚ್ಚುವ ಹೊತ್ತು ಬೇರೆ, ತರುವ ರೋಗವೂ ಬೇರೆ. ಉಕ್ಕಡಂ ನಿವಾಸಿಗಳಾದ ನಾವು ಯಾವ ಜ್ವರ ಬಂದರೂ ಪೆರಿಯಕುಳಂ ಕೆರೆಯನ್ನೋ ಬೀದಿಯ ಚರಂಡಿಯನ್ನೋ ದೂರುತ್ತೇವೆ. ಈ ದೂರು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ವಿಚಾರಿಸೋಣ.

ಚರಂಡಿಯ ಕೊಳೆನೀರಿನಲ್ಲಿ ಹೆಚ್ಚಾಗಿ ಹುಟ್ಟುವುದು ಕ್ಯೂಲೆಕ್ಸ್ ಸೊಳ್ಳೆ. ಇದು ರಾತ್ರಿ ಕಚ್ಚಿ ಆನೆಕಾಲು ರೋಗದ ಸೂಕ್ಷ್ಮ ಹುಳುಗಳನ್ನು ಹರಡುತ್ತದೆ. ಹುಳು ಸೇರಿ ಎಷ್ಟೋ ವರ್ಷಗಳಾದ ಮೇಲೆ ಕಾಲು ಊದಿಕೊಳ್ಳುವುದುಂಟು. ಇದೇ ಕುಲದ ಮತ್ತೊಂದು ಸೊಳ್ಳೆ ಗದ್ದೆಯ ನೀರಿನಲ್ಲಿ ಬೆಳೆದು, ಹಂದಿ ಮತ್ತು ನೀರುಹಕ್ಕಿಗಳಿಂದ ಮಕ್ಕಳಿಗೆ ಜಪಾನೀ ಮಿದುಳುಜ್ವರವನ್ನು ತರುತ್ತದೆ. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1955ರಲ್ಲಿ, ಇಂದಿನ ತಮಿಳುನಾಡಿನ ವೆಲ್ಲೂರಿನಲ್ಲಿ. ಇದಕ್ಕೆ ಲಸಿಕೆಯುಂಟು.

ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಸೊಳ್ಳೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಈ ರೋಗಾಣುವನ್ನು ಕಂಡುಹಿಡಿದರು. ಪಟ್ಟಣಗಳಲ್ಲಿ ಇದು ಬಾವಿ ಮತ್ತು ಮಹಡಿತೊಟ್ಟಿಗಳ ತಿಳಿನೀರಿನಲ್ಲಿ ಬೆಳೆಯುತ್ತದೆ. ಚಳಿ, ನಡುಕ, ಜ್ವರ, ಬೆವರು ಇದರ ಲಕ್ಷಣಗಳು. ರಕ್ತಪರೀಕ್ಷೆಯಿಂದ ತಿಳಿದು ಬೇಗನೆ ಔಷಧ ಕೊಟ್ಟರೆ ಗುಣವಾಗುತ್ತದೆ.

ಡೆಂಗ್ಯೂ ಮತ್ತು ಚಿಕುನ್‌ಗುನ್ಯಾ ಜ್ವರಗಳನ್ನು ತರುವುದು ಈಡಿಸ್ ಸೊಳ್ಳೆ. ಕಾಲುಗಳ ಮೇಲೆ ಬಿಳಿಯ ಪಟ್ಟೆಗಳುಳ್ಳ ಇದು ಹಗಲಿನಲ್ಲೇ ಕಚ್ಚುತ್ತದೆ. ಚಿಕುನ್‌ಗುನ್ಯಾದ ಕೀಲುನೋವು ತಿಂಗಳುಗಟ್ಟಲೆ ಕಾಡಬಹುದು. ಪ್ರಾಣಾಪಾಯ ಹೆಚ್ಚಾಗಿರುವುದು ಡೆಂಗ್ಯೂವಿನಲ್ಲಿ. ಜ್ವರ ಇಳಿಯಿತೆಂದು ಹೆತ್ತವರು ನೆಮ್ಮದಿಗೊಳ್ಳುವ ಹೊತ್ತೇ ಇದರಲ್ಲಿ ಕೇಡಿನ ಹೊತ್ತು. ಆಗ ತೀವ್ರ ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ, ಅತಿಯಾದ ಬಳಲಿಕೆ ಕಂಡರೆ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಜ್ವರಕ್ಕೆಂದು ಆಸ್ಪಿರಿನ್ ಮಾತ್ರೆಯನ್ನು ಕೊಡಲೇಬಾರದು. ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ.

ಈ ಈಡಿಸ್ ಸೊಳ್ಳೆಯು ಕೆರೆಯಲ್ಲಿ ಹುಟ್ಟುವುದಲ್ಲ. ಕೊಳಾಯಿ ನೀರು ಬಾರದ ದಿನಕ್ಕೆಂದು ನಾವು ತುಂಬಿಟ್ಟ ಹಂಡೆ, ತೊಟ್ಟಿ, ಡ್ರಮ್ಮುಗಳಲ್ಲಿ, ಹೂಕುಂಡದ ತಟ್ಟೆಯಲ್ಲಿ, ಹಿತ್ತಲಿನ ತೆಂಗಿನ ಚಿಪ್ಪು ಮತ್ತು ಹಳೆಯ ಟೈರುಗಳಲ್ಲಿ ಹುಟ್ಟುತ್ತದೆ. ಇದರ ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದಕಾರಣ ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಮೈಯನ್ನು ಉಜ್ಜಿ ತೊಳೆಯಬೇಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಬೇಕಾಗುವುದರಿಂದ ವಾರಕ್ಕೊಮ್ಮೆ ಹೀಗೆ ಮಾಡಿ ಮುಚ್ಚಿಟ್ಟರೆ ಅದರ ಸಂತತಿ ನಿಲ್ಲುತ್ತದೆ.

ವಿದ್ಯಾರ್ಥಿಗಳೇ, ಭಾನುವಾರ ಈ ಕೆಲಸಕ್ಕೆ ಹೆತ್ತವರೊಡನೆ ಕೈಗೂಡಿಸಿರಿ. ಚರಂಡಿಯನ್ನು ನಗರಪಾಲಿಕೆಯವರು ಶುಚಿಮಾಡಿಯಾರು. ನಮ್ಮ ಮನೆಯ ಹಂಡೆಯನ್ನು ನಾವೇ ತೊಳೆಯಬೇಕು.